ಹೊಗೆಯಿಲ್ಲದ ಚಹಾ, ಹೊಗೆಯ ದೋಸೆ

ಚಿತ್ರದುರ್ಗದಲ್ಲಿ ಬಸ್ ಹತ್ತಿ ಭರಮಸಾಗರದಲ್ಲಿ ಇಳಿದಾಗ ಬೆಳಗ್ಗೆ ಏಳೂವರೆ. ಗೆಳೆಯ ಬೈಕ್ ತಂದಿದ್ದ. ಮೆಕ್ಕೆಜೋಳದ ಹೊಲಗಳ ನಡುವೆ ಹದಿನೈದು ನಿಮಿಷ ಹೋದರೆ ಅವನ ಸೋದರತ್ತೆಯ ಊರು. ಅಲ್ಲಿ ಇಪ್ಪತ್ತು ವರ್ಷದಿಂದ ಗೋಬರ್ ಗ್ಯಾಸ್ ಒಲೆ ಉರಿಯುತ್ತಿದೆ ಎಂಬ ಅವನ ಮಾತನ್ನು ನಾನು ಪೂರ್ತಿ ನಂಬಿರಲಿಲ್ಲ. ಸಹಾಯಧನದಲ್ಲಿ ಕಟ್ಟಿಸಿ ಎರಡನೇ ವರ್ಷಕ್ಕೇ ಪಾಳುಬಿಟ್ಟ ಗುಂಡಿಗಳನ್ನೇ ನಾನು ಹೆಚ್ಚು ನೋಡಿದವನು.

ಅತ್ತೆ ಹಿತ್ತಲಲ್ಲಿ ಮೊಣಕೈವರೆಗೆ ಸಗಣಿಯಲ್ಲಿದ್ದರು. ಮೂರು ಹಸು, ಎರಡು ಎಮ್ಮೆ, ಎಲ್ಲವೂ ಕೊಟ್ಟಿಗೆಯಲ್ಲೇ. ದಿನಕ್ಕೆ ಐವತ್ತು ಕಿಲೋ ಸಗಣಿ, ಅಷ್ಟೇ ನೀರು. ಕಲಸುವಾಗ ಕೈಗೆ ಸಿಕ್ಕ ಹುಲ್ಲು, ದಂಟುಗಳನ್ನೆಲ್ಲ ಆರಿಸಿ ಎಸೆಯುತ್ತಿದ್ದರು. "ಇವೆಲ್ಲ ಒಳಗೆ ಹೋದರೆ ಮೇಲೆ ತೇಲಿ ಹೆಪ್ಪು ಕಟ್ಟುತ್ತವಪ್ಪ. ಆಮೇಲೆ ಗ್ಯಾಸ್ ಮೇಲೇಳುವುದಿಲ್ಲ" ಎಂದರು.

ಕಣ್ಣಿಗೆ ಕಾಣುವುದು ಒಂದು ತೊಟ್ಟಿ, ತುಸು ಉಬ್ಬಿದ ನೆಲ, ಆಚೆ ಬಗ್ಗಡ, ಅಂದರೆ ಗ್ಯಾಸ್ ಕೊಟ್ಟು ಉಳಿದ ಸಗಣಿನೀರು, ಹೊರಬರುವ ಗುಂಡಿ, ಅಷ್ಟೇ. ಇಟ್ಟಿಗೆಯ ಗುಮ್ಮಟ ಮಣ್ಣಿನಡಿ ಇದೆ. ಇದು 1984ರಲ್ಲಿ ಬಂದ ದೀನಬಂಧು ಮಾದರಿ. ಗಾಳಿ ಸೋಕದ ಆ ಕತ್ತಲಲ್ಲಿ ಸಗಣಿ ಸುಮಾರು ನಲವತ್ತು ದಿನ ಕೊಳೆಯುತ್ತದೆ. ದನದ ಹೊಟ್ಟೆಯಿಂದಲೇ ಬಂದ ಸೂಕ್ಷ್ಮಾಣುಗಳಲ್ಲಿ ಕೆಲವು ಅದನ್ನು ಒಡೆದು ಆಮ್ಲ ಮಾಡುತ್ತವೆ, ಇನ್ನು ಕೆಲವು ಅದರಿಂದ ಒಲೆಯಲ್ಲಿ ಉರಿಯುವ ಅನಿಲ ಮೀಥೇನ್ ಹೊರಡಿಸುತ್ತವೆ. ಈ ಎರಡನೆಯವು ಬಲು ನಾಜೂಕು. ಒಮ್ಮೆಲೇ ಹೆಚ್ಚು ಸುರಿದರೆ ಹುಳಿಯೇರಿ ಗ್ಯಾಸ್ ನಿಲ್ಲುತ್ತದೆ. ಚಳಿಗೂ ಮಂಕಾಗುತ್ತವೆ. ಅದಕ್ಕೇ ಚಳಿಗಾಲದಲ್ಲಿ ಅತ್ತೆ ಬಿಸಿಲಿಗಿಟ್ಟ ನೀರನ್ನೇ ಬೆರೆಸುತ್ತಾರೆ. 35 ಡಿಗ್ರಿ ಹದ ಎಂದು ಪುಸ್ತಕಗಳು ಹೇಳುವುದನ್ನು ಅವರು ಕೈ ಅದ್ದಿ ತಿಳಿದಿದ್ದಾರೆ.

ಅಡುಗೆಮನೆಯಲ್ಲಿ ಕಡ್ಡಿ ಗೀರಿದರೆ ಉರಿ ಕುಣಿಯಿತು. "ಪೈಪಿನಲ್ಲಿ ನೀರು ಕೂತಿದೆ" ಎಂದವರೇ ಹೊರಗೆ ಹೋಗಿ, ತಗ್ಗಿನಲ್ಲಿದ್ದ ನಲ್ಲಿ ತಿರುಗಿಸಿ ಒಂದು ಲೋಟದಷ್ಟು ನೀರು ಬಿಟ್ಟು ಬಂದರು. ಆಮೇಲೆ ಉರಿ ನೀಲಿಯಾಗಿ ನಿಂತಿತು. ಮಸಿಯಿಲ್ಲ, ನಾನು ಹೆದರಿದ್ದ ವಾಸನೆಯೂ ಇಲ್ಲ. ದಿನದ ಐವತ್ತು ಕಿಲೋ ಸಗಣಿಯಿಂದ ಸಿಗುವ ಸುಮಾರು ಎರಡು ಘನ ಮೀಟರ್ ಅನಿಲವೆಂದರೆ ಸುಮಾರು 0.9 ಕಿಲೋ ಎಲ್‌ಪಿಜಿಗೆ ಸಮ, ಐದಾರು ಜನರ ಅಡುಗೆಗೆ ಸಾಕು. ಚಹಾಕ್ಕೆ ಸಕ್ಕರೆ ಮಾತ್ರ ತೀರಾ ಹೆಚ್ಚಾಗಿತ್ತು.

ಬಗ್ಗಡ ಅಡಿಕೆ ಬುಡಕ್ಕೆ ಹೋಗುತ್ತದೆ. ಸಾರಜನಕ ಅದರಲ್ಲೇ ಉಳಿದಿರುತ್ತದೆ, ನೊಣವೂ ಕಡಿಮೆ. ಕುಳ್ಳು ತಟ್ಟಿ ಉರಿಸಿಬಿಟ್ಟರೆ ಹೊಲಕ್ಕೆ ಉಳಿಯುವುದು ಬೂದಿ. ನನಗೆ ಒಲೆಗಿಂತ ಈ ಗುಂಡಿಯೇ ದೊಡ್ಡ ಲಾಭವೆನಿಸಿತು.

ಬರುವಾಗ ಅದೇ ಬೀದಿಯಲ್ಲಿ ಇನ್ನೊಂದು ಸ್ಥಾವರ ಕಂಡಿತು. ಅದು ಕಬ್ಬಿಣದ ಡ್ರಮ್ ತೇಲುವ ಹಳೆಯ ಮಾದರಿ. ಡ್ರಮ್ ತುಕ್ಕು ತಿಂದು ತೂತಾಗಿತ್ತು, ತೊಟ್ಟಿಯಲ್ಲಿ ಜಾಲಿ ಬೆಳೆದಿತ್ತು. ಇಳಿದು ನೋಡಲೇ ಎಂದರೆ ಗೆಳೆಯ ತೋಳು ಹಿಡಿದು ಎಳೆದ. ಹಳೆಯ ಗುಂಡಿಯಲ್ಲೂ ಉಸಿರುಗಟ್ಟಿಸುವ ಗಾಳಿ ಉಳಿದಿರಬಹುದು. ಕಟ್ಟೆಯ ಮೇಲೆ ಕುಳಿತಿದ್ದ ಮನೆಯ ಯಜಮಾನರನ್ನು ಕೇಳಿದೆ. "ಡ್ರಮ್ ಕೆಟ್ಟದ್ದು ಆಮೇಲೆ, ಸ್ವಾಮಿ. ಬರದ ವರ್ಷ ದನ ಮಾರಿದೆವು. ನೀವು ನಾಲ್ಕು ಎಮ್ಮೆ ಕೊಡಿಸಿ, ಡ್ರಮ್ ನಾನೇ ಮಾಡಿಸುತ್ತೇನೆ."

ಮಧ್ಯಾಹ್ನ ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ಸೌದೆ ಒಲೆಯ ಹೊಗೆಗೆ ಕಣ್ಣಲ್ಲಿ ನೀರು ಸುರಿಯಿತು. ಎರಡನೇ ತಟ್ಟೆ ತರಿಸಿಕೊಂಡೆ.