ಡಿವಿಷನ್ ಇಳಿದ ಮೇಲೆ ಮೊದಲು ತೆರೆದದ್ದು ಉದ್ರಿ ಪುಸ್ತಕ

ನಮ್ಮ ಫುಟ್‌ಬಾಲ್ ಕ್ಲಬ್ ಕೆಳಗಿನ ಡಿವಿಷನ್‌ಗೆ ಇಳಿದು ಎಂಟು ದಿನ ಆಗಿತ್ತು. ನಾನು ಮ್ಯಾನೇಜರ್ ಕೆಲಸಕ್ಕೆ ಸೇರಿದ ಮೊದಲ ದಿನ ಅದು. ಶಿವಮೊಗ್ಗದಲ್ಲಿ ನಾವು ಅಭ್ಯಾಸ ಮಾಡುವ ಮೈದಾನದ ಗೇಟಿನ ಪಕ್ಕ ಒಂದು ಟೀ ಅಂಗಡಿ ಇದೆ. ಅಲ್ಲಿ ಹೋಗಿ ಟೀ ಕೇಳಿದೆ. ಅಂಗಡಿಯವರು ಟೀ ಕೊಟ್ಟರು. ಜೊತೆಗೆ ಉದ್ರಿ ಪುಸ್ತಕವನ್ನೂ ಮುಂದಿಟ್ಟರು.

"ಸರ್, ನೀವು ಹೊಸಬರು. ನಿಮ್ಮನ್ನ ಕೇಳೋದು ಸರಿಯಲ್ಲ. ಆದ್ರೂ ಒಂದ್ಸಲ ನೋಡಿ."

ಎಂಟು ತಿಂಗಳ ಟೀ, ಬನ್ನು, ಬಾಳೆಹಣ್ಣು. 11,400 ರೂಪಾಯಿ.

ಅದಕ್ಕೆ ಮೊದಲು ನಾನು ಬೆಂಗಳೂರಿನ ಒಂದು ಕ್ಲಬ್‌ನಲ್ಲಿ ತಂಡದ ಓಡಾಟ, ಊಟ, ಕಿಟ್ ನೋಡಿಕೊಳ್ಳುತ್ತಿದ್ದೆ. ಊರಿಗೆ ವಾಪಸ್ ಬರುವ ಆಸೆ ಇತ್ತು, ಕೆಲಸ ಸಿಕ್ಕಿತು, ಬಂದೆ. ಬರುವಾಗ ಬಸ್ಸಿನಲ್ಲಿ ಕೂತು ಯಾರನ್ನು ಎಲ್ಲಿ ಆಡಿಸಬೇಕು ಅಂತ ಹಾಳೆ ತುಂಬ ಬರೆದಿದ್ದೆ. ಆ ಹಾಳೆ ಎರಡು ತಿಂಗಳು ಚೀಲದಿಂದ ಆಚೆ ಬರಲಿಲ್ಲ.

ಟೀ ಅಂಗಡಿಯಿಂದ ಶುರುವಾದ ಲೆಕ್ಕ ಬೆಳೆಯುತ್ತಾ ಹೋಯಿತು. ಟೆಂಪೊ ಟ್ರಾವೆಲರ್‌ನವರಿಗೆ ಆರು ಟ್ರಿಪ್ಪಿನ ಬಾಡಿಗೆ. ಮಾರ್ಚ್‌ನಲ್ಲಿ ಕೆಂಪು ಮಣ್ಣು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಆಗ ಮೈದಾನಕ್ಕೆ ನೀರು ಹೊಡೆಯುವ ಟ್ಯಾಂಕರ್‌ನವರಿಗೆ ಒಂದಿಷ್ಟು. ಗೆರೆ ಹಾಕುವ ಸುಣ್ಣದ ಪುಡಿಯ ಅಂಗಡಿಗೆ ಒಂದಿಷ್ಟು. ಎಲ್ಲಕ್ಕಿಂತ ಜಾಸ್ತಿ ಬಾಕಿ ಇದ್ದದ್ದು ಹುಡುಗರ ಬಸ್ ಚಾರ್ಜು. ತೀರ್ಥಹಳ್ಳಿ, ಹೊಸನಗರ, ಸಾಗರ, ಭದ್ರಾವತಿ ಕಡೆಯಿಂದ ಬರುವವರಿಗೆ ಅಭ್ಯಾಸಕ್ಕೂ ಪಂದ್ಯಕ್ಕೂ ಬಸ್ ಚಾರ್ಜು ಕೊಡುತ್ತೇವೆ ಅಂತ ಕ್ಲಬ್ ಮಾತು ಕೊಟ್ಟಿತ್ತು. ಐದು ತಿಂಗಳಿಂದ ಕೊಟ್ಟಿರಲಿಲ್ಲ. ಎಲ್ಲ ಸೇರಿ 1,86,000 ರೂಪಾಯಿ.

ಅದೇ ವಾರ ಕಮಿಟಿ ಸಭೆ. ಊರಿನ ಒಬ್ಬ ದಾನಿ ಎರಡು ಲಕ್ಷ ಕೊಡಲು ಒಪ್ಪಿದ್ದರು. ಸಭೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಬೆಂಗಳೂರಿಂದ ಗೋಲು ಹೊಡೆಯೋ ಒಬ್ಬ ಒಳ್ಳೆ ಸ್ಟ್ರೈಕರ್ ಕರ್ಕೊಂಡು ಬನ್ನಿ, ಒಂದೇ ವರ್ಷದಲ್ಲಿ ವಾಪಸ್ ಮೇಲೆ ಹೋಗ್ತೀವಿ." ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಸೋಲು ನೋವು ಕೊಟ್ಟಿತ್ತು, ಆ ನೋವು ಬೇಗ ಹೋಗಬೇಕಿತ್ತು, ಅಷ್ಟೇ. ನಾನು ಮೂರು ದಿನ ಟೈಮ್ ಕೇಳಿದೆ.

ಆ ಮೂರು ದಿನ ಹಿಂದಿನ ಸೀಸನ್‌ನ ಎಲ್ಲ ಪಂದ್ಯದ ಹಾಳೆ ಹರಡಿಕೊಂಡು ಕೂತೆ. ಕ್ಯಾಪ್ಟನ್ ಒಂದು ನೋಟ್‌ಬುಕ್‌ನಲ್ಲಿ ಗೋಲಿನ ನಿಮಿಷ ಬರೆದಿಟ್ಟಿದ್ದ. ದೇವರು ಅವನನ್ನು ಚೆನ್ನಾಗಿಟ್ಟಿರಲಿ. 18 ಪಂದ್ಯದಲ್ಲಿ ನಾವು ಬಿಟ್ಟುಕೊಟ್ಟ ಗೋಲು 39. ಅದರಲ್ಲಿ 22 ಬಂದದ್ದು 70ನೇ ನಿಮಿಷದ ಮೇಲೆ. ಏಳು ಪಂದ್ಯದಲ್ಲಿ 70ನೇ ನಿಮಿಷಕ್ಕೆ ನಾವು ಮುಂದಿದ್ದೆವು ಅಥವಾ ಸಮ ಇದ್ದೆವು, ಆಮೇಲೆ ಸೋತೆವು. ಸ್ಟ್ರೈಕರ್ ಇಲ್ಲದ್ದಕ್ಕೆ ಇಳಿದ ತಂಡ ಅಲ್ಲ ಇದು. ಕೊನೆಯ ಇಪ್ಪತ್ತು ನಿಮಿಷ ನಿಲ್ಲಲಾಗದೆ ಇಳಿದ ತಂಡ.

ಯಾಕೆ ನಿಲ್ಲಲಾಗಲಿಲ್ಲ? ಫಿಟ್‌ನೆಸ್ ಅಂದರು ಕೋಚ್. ಇರಬಹುದು ಅಂದುಕೊಂಡು ಹಾಳೆಯ ಇನ್ನೊಂದು ತುದಿ ನೋಡಿದೆ, ಬೆಂಚಿನ ಹೆಸರುಗಳಿರುವ ಕಡೆ. ಸೀಸನ್ ಶುರುವಿನಲ್ಲಿ ಏಳು ಹೆಸರು. ಅರ್ಧ ದಾಟುವಷ್ಟರಲ್ಲಿ ನಾಲ್ಕು. ಕೊನೆಯ ಐದು ಪಂದ್ಯದಲ್ಲಿ ಇಬ್ಬರೇ, ಅದರಲ್ಲಿ ಒಬ್ಬ ಗೋಲ್‌ಕೀಪರ್. ಬಸ್ ಚಾರ್ಜು ನಿಂತ ತಿಂಗಳು ಮತ್ತು ಬೆಂಚು ಖಾಲಿಯಾಗತೊಡಗಿದ ತಿಂಗಳು ಒಂದೇ. ಹನ್ನೊಂದು ಜನರಲ್ಲಿ ಇರುವವನು ಹೇಗಾದರೂ ಬರುತ್ತಾನೆ, ಆಟ ಸಿಗುತ್ತದಲ್ವಾ. ಬೆಂಚಿನಲ್ಲಿ ಕೂರುವ ಹುಡುಗ ಕೈಯಿಂದ ದುಡ್ಡು ಹಾಕಿ ಎಷ್ಟು ದಿನ ಬರುತ್ತಾನೆ? ಬಂದವರೂ ಬೆಳಗಿನ ಮೊದಲ ಬಸ್ ಹಿಡಿದು, ಎರಡು ಇಡ್ಲಿ ತಿಂದು, ಹನ್ನೊಂದು ಗಂಟೆ ಬಿಸಿಲಿನಲ್ಲಿ ಆಟಕ್ಕೆ ಇಳಿಯುತ್ತಿದ್ದರು. ಹಿಂದಿನ ರಾತ್ರಿ ಶಿವಮೊಗ್ಗದಲ್ಲಿ ಉಳಿಸಲು ಕ್ಲಬ್ ಹತ್ತಿರ ದುಡ್ಡಿರಲಿಲ್ಲ.

ಮುಂದಿನ ಸಭೆಯಲ್ಲಿ ಈ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟೆ. ಎರಡು ಲಕ್ಷದಲ್ಲಿ ಮೊದಲು ಬಾಕಿ ತೀರಿಸೋಣ ಅಂದೆ. ಗಲಾಟೆ ಆಯಿತು. ನಾನು ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಕಥೆ ಹೇಳಿದೆ. 2001ರಲ್ಲಿ ಯುರೋಪಿನ ದೊಡ್ಡ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿದ ಕ್ಲಬ್ ಅದು. ಮುಂದೆಯೂ ಹೀಗೇ ಗೆಲ್ಲುತ್ತೇವೆ, ದುಡ್ಡು ಬರುತ್ತದೆ ಅಂತ ಲೆಕ್ಕ ಹಾಕಿ ಸಾಲ ಮಾಡಿ ಆಟಗಾರರನ್ನು ತಂದರು. ದುಡ್ಡು ಬರಲಿಲ್ಲ. 2004ರಲ್ಲಿ ಅಲ್ಲಿನ ಎಲ್ಲಕ್ಕಿಂತ ಮೇಲಿನ ಹಂತವಾದ ಪ್ರೀಮಿಯರ್ ಲೀಗ್‌ನಿಂದ ಇಳಿದರು, 2007ರಲ್ಲಿ ಮೂರನೇ ಹಂತಕ್ಕೆ ಬಿದ್ದರು. ವಾಪಸ್ ಮೇಲೆ ಬರಲು 2020 ಆಯಿತು, ಅಂದರೆ ಹದಿನಾರು ವರ್ಷ. ಅಲ್ಲಿಯಾದರೂ ಈಗ ಪ್ರೀಮಿಯರ್ ಲೀಗ್‌ನಿಂದ ಇಳಿದವರಿಗೆ 'ಪ್ಯಾರಾಚೂಟ್' ಹಣ ಅಂತ ಇದೆ. ಕ್ಲಬ್‌ಗಳಿಗೆ ಸಮನಾಗಿ ಹಂಚುವ ಟಿವಿ ಹಣದ ಪಾಲಿನಲ್ಲಿ ಮೊದಲ ವರ್ಷ ಶೇಕಡಾ 55, ಎರಡನೇ ವರ್ಷ 45 ಸಿಗುತ್ತದೆ. ಇಳಿಯುವ ಮೊದಲು ಒಂದಕ್ಕಿಂತ ಜಾಸ್ತಿ ಸೀಸನ್ ಮೇಲೆ ಇದ್ದರೆ ಮೂರನೇ ವರ್ಷ 20. ಆದಾಯ ಒಂದೇ ದಿನದಲ್ಲಿ ಬೀಳುತ್ತದೆ, ಖರ್ಚು ಹಾಗೆ ಬೀಳುವುದಿಲ್ಲ, ಅದಕ್ಕೇ ಆ ವ್ಯವಸ್ಥೆ. ನಮಗೆ ಹಾಗೆ ಹಿಡಿದುಕೊಳ್ಳುವವರು ಯಾರೂ ಇಲ್ಲ. ಇಳಿದ ತಿಂಗಳೇ ಜೆರ್ಸಿ ಮೇಲೆ ಹೆಸರು ಹಾಕಿಸಿಕೊಂಡಿದ್ದ ಇಬ್ಬರು ಅಂಗಡಿಯವರು ಕೈ ಬಿಟ್ಟಿದ್ದರು.

ಕಮಿಟಿಯ ಹಿರಿಯರೊಬ್ಬರು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು, ಕೊನೆಗೆ ಹೇಳಿದರು: "ಕೊಡೋದು ಕೊಟ್ಟು ಆಮೇಲೆ ಮಾತಾಡೋಣ. ಬಾಕಿ ಇಟ್ಕೊಂಡು ಹುಡುಗರಿಗೆ ಓಡಿ ಅನ್ನಕ್ಕೆ ನಂಗೆ ಬಾಯಿ ಬರಲ್ಲ." ಅಲ್ಲಿಗೆ ತೀರ್ಮಾನ ಆಯಿತು.

ದುಡ್ಡನ್ನು ನಾನು ಯಾರಿಗೂ ಫೋನ್‌ನಲ್ಲಿ ಕಳಿಸಲಿಲ್ಲ. ಒಬ್ಬೊಬ್ಬರ ಮನೆಗೆ ಹೋಗಿ ಕೊಟ್ಟೆ. ಮೂರು ವಾರ ಹಿಡಿಯಿತು. ಈ ಕೆಲಸದಲ್ಲಿ ನಾನು ಕಲಿತದ್ದು ಬಹುಪಾಲು ಆ ಮೂರು ವಾರದಲ್ಲೇ. ಮಳೆಗಾಲ ಶುರುವಾಗಿತ್ತು. ಹೊಸನಗರದ ಕಡೆ ಒಂದು ಮನೆಯಲ್ಲಿ ಹುಡುಗನೂ ಅವನ ಅಪ್ಪನೂ ಅಂಗಳದಲ್ಲಿ ಡ್ರಮ್ ಇಟ್ಟು ಬೋರ್ಡೋ, ಅಂದರೆ ಅಡಿಕೆ ಕೊಳೆ ರೋಗದ ಔಷಧಿ, ಕಲೆಸುತ್ತಿದ್ದರು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಬಿಡುವು ಕೊಟ್ಟಾಗ ಅಡಿಕೆಗೆ ಹೊಡೆಯದಿದ್ದರೆ ಕೊಳೆ ಬಂದು ಆ ವರ್ಷದ ಬೆಳೆ ನೆಲಕ್ಕೆ. ಅವನು ಅಭ್ಯಾಸಕ್ಕೆ ಬರುವುದಿಲ್ಲ ಅಂತ ಹಿಂದಿನ ವರ್ಷ ಎರಡು ಸಲ ತಂಡದಿಂದ ತೆಗೆದಿದ್ದರಂತೆ. ಅವನ ಅಮ್ಮ ಕಾಫಿ ಕೊಡುತ್ತಾ ಕೇಳಿದರು:

"ಇವ ಬಿದ್ದು ಕಾಲು ಮುರ್ಕಂಡ್ರೆ ಎಂತ ಮಾಡೋದು ಮಾರಾಯ್ರೆ? ಆಸ್ಪತ್ರೆ ಖರ್ಚು ನೀವು ಕೊಡ್ತೀರಾ?"

ಕೊಡುತ್ತೇವೆ ಅಂತ ಸುಮ್ನೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಕೇಳಿಕೊಂಡು ಬಂದು ಹೇಳುತ್ತೇನೆ ಅಂದೆ. ಶಿವಮೊಗ್ಗಕ್ಕೆ ಬಂದು ಎಲ್ಲ ಆಟಗಾರರಿಗೂ ಅಪಘಾತ ವಿಮೆ ಮಾಡಿಸಿ, ಆ ಕಾಗದದ ಪ್ರತಿ ಹಿಡಿದು ಮತ್ತೆ ಹೋದೆ. ಆ ಹುಡುಗ ಈಗ ಎದುರಾಳಿ ಸ್ಟ್ರೈಕರ್‌ನನ್ನು ತಡೆಯುವ ನಮ್ಮ ಸ್ಟಾಪರ್.

ಅವರ ಮನೆಯಲ್ಲೇ ನನಗೆ ಇನ್ನೊಂದು ವಿಷಯ ಹೊಳೆದದ್ದು. ಬೆಂಗಳೂರಿನ ಫುಟ್‌ಬಾಲ್ ಬಹಳ ವರ್ಷ ನಿಂತಿದ್ದು ಟೆಲಿಫೋನ್ ಕಾರ್ಖಾನೆ ಐಟಿಐ, ವಿಮಾನ ಕಾರ್ಖಾನೆ ಎಚ್‌ಎಎಲ್, ಸೈನ್ಯದ ಎಂಇಜಿ ಥರದ ತಂಡಗಳ ಮೇಲೆ. ಅಲ್ಲಿ ಆಟಗಾರನಿಗೆ ಕೆಲಸ ಕೊಟ್ಟ ಜಾಗವೇ ಆಡಲೂ ಬಿಡುತ್ತಿತ್ತು. ನಮ್ಮ ಹುಡುಗರಿಗೆ ಕೆಲಸ ಕೊಡುವುದು ತೋಟ, ಗದ್ದೆ, ಗ್ಯಾರೇಜು. ಆ ಕೆಲಸಕ್ಕೆ ಅದರದೇ ಕ್ಯಾಲೆಂಡರ್ ಇದೆ. ಹಾಗಾಗಿ ನಾನು ಅಭ್ಯಾಸದ ಪಟ್ಟಿಯನ್ನು ಕೋಚ್ ಜೊತೆ ಮಾಡುವ ಮೊದಲು ಹುಡುಗರ ಮನೆಯವರ ಜೊತೆ ಮಾಡಿದೆ. ನಾಟಿ ಯಾವಾಗ, ಔಷಧಿ ಹೊಡೆಯುವುದು ಯಾವಾಗ, ಅಡಿಕೆ ಕೊನೆ ತೆಗೆಯುವುದು ಯಾವಾಗ. ನಾಟಿ ಮುಗಿಯುವ ತನಕ ವಾರಕ್ಕೆ ಎರಡೇ ದಿನ ಅಭ್ಯಾಸ. ಡಿಸೆಂಬರ್, ಜನವರಿಯಲ್ಲಿ ಕೊಯ್ಲಿನ ಮನೆಯವರಿಗೆ ಸರದಿ ಮೇಲೆ ರಜೆ. ಯಾರು ಯಾವ ಪಂದ್ಯಕ್ಕೆ ಇರುವುದಿಲ್ಲ ಅಂತ ಒಂದು ತಿಂಗಳು ಮೊದಲೇ ಗೊತ್ತಿದ್ದರೆ ಅವನ ಜಾಗಕ್ಕೆ ಇನ್ನೊಬ್ಬನನ್ನು ತಯಾರು ಮಾಡಬಹುದು. ಗೈರುಹಾಜರಿ ಕಮ್ಮಿಯಾಗಲಿಲ್ಲ, ಮೊದಲೇ ತಿಳಿಯತೊಡಗಿತು.

ಕೀಪರ್ ವಿಷಯ ಬೇರೆ. ಅವನಿಗೆ ಮೇಲಿನ ಡಿವಿಷನ್‌ನ ತಂಡವೊಂದು ಕರೆ ಕೊಟ್ಟಿತ್ತು. ನಾನು ತಡೆಯಲಿಲ್ಲ. 2006ರಲ್ಲಿ ಇಟಲಿಯ ಯುವೆಂಟಸ್ ಕ್ಲಬ್ಬನ್ನು ಶಿಕ್ಷೆಯಾಗಿ ಕೆಳಗಿನ ಸೀರಿ ಬಿ ಗೆ ಇಳಿಸಿದಾಗ ಬುಫಾನ್ ಏನು ಮಾಡಿದರು ಗೊತ್ತಾ ಅಂತ ಮಾತ್ರ ಕೇಳಿದೆ. ಆ ಜುಲೈನಲ್ಲಿ ವಿಶ್ವಕಪ್ ಗೆದ್ದ ಕೀಪರ್, ಸೆಪ್ಟೆಂಬರ್‌ನಲ್ಲಿ ಎರಡನೇ ಹಂತದಲ್ಲಿ ಆಡಿದರು. ಆ ಕ್ಲಬ್‌ನ ದೊಡ್ಡ ಆಟಗಾರರಾದ ದೆಲ್ ಪಿಯೆರೊ, ನೆಡ್ವೆಡ್ ಕೂಡ ಉಳಿದರು. ಒಂಬತ್ತು ಅಂಕ ಕಡಿತ ಇದ್ದರೂ ಮೊದಲ ಸ್ಥಾನ ಪಡೆದು ಮರುವರ್ಷವೇ ವಾಪಸ್ ಹೋದರು. ಅವನು ನಕ್ಕು, "ಸರ್, ಅವರಿಗೆ ಸಂಬಳ ಬರ್ತಿತ್ತು" ಅಂದ. ಸರಿಯಾದ ಮಾತು. ತಿಂಗಳ ಐದನೇ ತಾರೀಕಿಗೆ ನಿನ್ನ ಬಸ್ ಚಾರ್ಜು ಬರದಿದ್ದರೆ ಆರನೇ ತಾರೀಕು ಹೋಗು, ನಾನೇ ಕಾಗದ ಬರೆದು ಕೊಡ್ತೀನಿ ಅಂದೆ. ಉಳಿದ.

ಇಷ್ಟೆಲ್ಲದರ ನಡುವೆ ಒಂದು ದೊಡ್ಡ ತಪ್ಪನ್ನೂ ಮಾಡಿದೆ. ಒಂಬತ್ತು ವರ್ಷ ಆಡಿದ ಹಳೆಯ ಮಿಡ್‌ಫೀಲ್ಡರ್ ಒಬ್ಬರಿದ್ದರು. ವೇಗ ಕಮ್ಮಿಯಾಗಿತ್ತು, ಹೊಸ ತಂಡದಲ್ಲಿ ಜಾಗ ಇಲ್ಲ ಅನ್ನಿಸಿತು. ಅದನ್ನು ಫೋನ್‌ನಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸಿದೆ. ಅವರು "ಆಯ್ತು ಸರ್" ಅಂದರು, ಬೇರೇನೂ ಹೇಳಲಿಲ್ಲ. ಮರುವಾರ ಸಾಗರದ ಕಡೆಯ ಇಬ್ಬರು ಹುಡುಗರೂ ಬರಲಿಲ್ಲ. ವಿಚಾರಿಸಿದರೆ, ಅವರಿಬ್ಬರೂ ಬರುತ್ತಿದ್ದದ್ದು ಇವರ ಹಳೆಯ ಓಮ್ನಿಯಲ್ಲಿ. ತಡವಾದರೆ ಊಟ ಹಾಕಿ ಕಳಿಸುತ್ತಿದ್ದದ್ದೂ ಇವರೇ. ಬಾಕಿ ದುಡ್ಡು ಕೊಡಲು ಎಲ್ಲರ ಮನೆಗೆ ಹೋದವನು ನಾನು, ಇವರ ಮನೆಗೆ ಮಾತ್ರ ಆ ಮಾತು ಹೇಳಲು ಹೋಗಲಿಲ್ಲ. ಒಂಬತ್ತು ವರ್ಷದ ಬಾಕಿ ಅದು. ಒಂದು ತಿಂಗಳು ಬಿಟ್ಟು ಹೋದೆ, ಕ್ಷಮೆ ಕೇಳಿದೆ. ಜೂನಿಯರ್ ಹುಡುಗರನ್ನು ನೋಡಿಕೊಳ್ಳಿ ಅಂತ ಕೇಳಿಕೊಂಡೆ. ಅವರು ಬರಲು ಇನ್ನೂ ಎರಡು ತಿಂಗಳು ತೆಗೆದುಕೊಂಡರು. ಹುಡುಗರಿಬ್ಬರಲ್ಲಿ ಒಬ್ಬ ಬಂದ, ಇನ್ನೊಬ್ಬ ಆಟವನ್ನೇ ಬಿಟ್ಟ. ಆ ಎಡಗಾಲಿನ ಹುಡುಗ ಈಗಲೂ ನೆನಪಾಗುತ್ತಾನೆ.

ಮೊದಲ ಸೀಸನ್‌ನಲ್ಲಿ ಮೂರನೇ ಸ್ಥಾನ. ಮೇಲೆ ಹೋಗುವುದು ಎರಡೇ ತಂಡ. ಮತ್ತೆ ಅದೇ ಸ್ಟ್ರೈಕರ್ ಮಾತು ಬಂತು, ಕೋಚ್ ಬದಲಿಸುವ ಮಾತೂ ಬಂತು. ನಾನು ಮತ್ತೆ ನೋಟ್‌ಬುಕ್ ತೆಗೆದೆ. 70ನೇ ನಿಮಿಷದ ಮೇಲೆ ಬಿಟ್ಟುಕೊಟ್ಟ ಗೋಲು 22ರಿಂದ 8ಕ್ಕೆ ಇಳಿದಿತ್ತು. ಪ್ರತಿ ಪಂದ್ಯದಲ್ಲೂ ಬೆಂಚಿನಲ್ಲಿ ಕನಿಷ್ಠ ಆರು ಜನ. ಕೋಚ್ ಉಳಿದರು. ಎರಡನೇ ಸೀಸನ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂದು ಮೇಲೆ ಹೋದೆವು. ಕೊನೆಯ ಪಂದ್ಯದಲ್ಲಿ 83ನೇ ನಿಮಿಷಕ್ಕೆ ಗೋಲು ಹೊಡೆದವನು ಬೆಂಚಿನಿಂದ ಎದ್ದು ಬಂದ ತೀರ್ಥಹಳ್ಳಿಯ ಹುಡುಗ. ಆ ವರ್ಷ ಎಲ್ಲ ಸೇರಿಸಿದರೂ ಇನ್ನೂರು ನಿಮಿಷ ಆಡಿರಬಹುದು, ಆದರೆ ಒಂದು ಅಭ್ಯಾಸವನ್ನೂ ಹೇಳದೆ ತಪ್ಪಿಸಿರಲಿಲ್ಲ.

ಮೇಲಿನ ಡಿವಿಷನ್‌ನಲ್ಲಿ ಖರ್ಚು ಜಾಸ್ತಿ, ದೂರದ ಪ್ರಯಾಣ ಜಾಸ್ತಿ. ಇಂಗ್ಲೆಂಡಿನ ಲೂಟನ್ ಟೌನ್ ಕ್ಲಬ್ ಒಮ್ಮೆ ಅಲ್ಲಿನ ಲೀಗ್‌ನಿಂದಲೇ ಆಚೆ ಹೋಗಿ, ಕಷ್ಟಪಟ್ಟು 2023ರಲ್ಲಿ ಪ್ರೀಮಿಯರ್ ಲೀಗ್ ಮುಟ್ಟಿತು. 2024ರಲ್ಲಿ ಇಳಿಯಿತು, 2025ರಲ್ಲಿ ಮತ್ತೊಮ್ಮೆ ಇಳಿಯಿತು. ಅದನ್ನು ನೋಡಿದ್ದೇನೆ, ಭಯ ಇದೆ. ಹಾಗಾಗಿ ಈ ಸಲ ದಾನಿಗಳು ಕೊಟ್ಟದ್ದರಲ್ಲಿ ಇಡೀ ಸೀಸನ್‌ನ ಬಸ್ ಚಾರ್ಜನ್ನು ಮೊದಲೇ ಬೇರೆ ಖಾತೆಯಲ್ಲಿ ಇಟ್ಟಿದ್ದೇವೆ, ಅದನ್ನು ಮುಟ್ಟಲು ಮೂವರ ಸಹಿ ಬೇಕು. ಎಡಗಡೆ ಆಡುವ ಬ್ಯಾಕ್ ಒಬ್ಬ ಇನ್ನೂ ಸಿಕ್ಕಿಲ್ಲ. ನಾಟಿ ಮುಗಿದ ಮೇಲೆ ಸಾಗರದ ಕಡೆ ಹೋಗಿ ನೋಡಿ ಬರಬೇಕು. ಹಳೆಯ ಮಿಡ್‌ಫೀಲ್ಡರ್ ಜೊತೆಗೆ ಬರುತ್ತೇನೆ ಅಂದಿದ್ದಾರೆ, ಅವರ ಓಮ್ನಿಯಲ್ಲೇ.