ಎಡಕ್ಕೆ ವಾಲುತ್ತಿದ್ದ ರೆಕ್ಕೆ

ಆರು ವರ್ಷ ಗ್ಯಾರೇಜಿನಲ್ಲಿ ರಿವೆಟ್ ಹೊಡೆದು ಕಟ್ಟಿದ ನನ್ನ ಎರಡು ಆಸನದ ಆರ್‌ವಿ-7 ವಿಮಾನವು ಮೊದಲ ಹಾರಾಟದಿಂದಲೇ, ನೊಗ ಒಂದು ಕಡೆಗೆ ಜಗ್ಗಿದ ಗಾಡಿಯಂತೆ, ಎಡಕ್ಕೆ ವಾಲತೊಡಗಿತು. ವಿಮಾನವನ್ನು ನಡೆಸುವ ಹಿಡಿಕೋಲಾದ ಸ್ಟಿಕ್ಕನ್ನು ಬಿಟ್ಟ ಹತ್ತು ಸೆಕೆಂಡಿನೊಳಗೆ ಎಡರೆಕ್ಕೆ ಸುಮಾರು 20 ಡಿಗ್ರಿ ಕೆಳಗಿಳಿಯುತ್ತಿತ್ತು. ಅದು ತಕ್ಷಣದ ಅಪಾಯವೇನಲ್ಲ. ಆದರೆ ಅರ್ಧ ಗಂಟೆ ಸ್ಟಿಕ್ಕನ್ನು ಬಲಕ್ಕೆ ಒತ್ತಿ ಹಿಡಿದ ತೋಳು ಇಳಿದ ಮೇಲೂ ನೋಯುತ್ತಿತ್ತು.

ಟೆಕ್ಸಾಸಿನ ನಮ್ಮ ಚಿಕ್ಕ ವಿಮಾನ ನಿಲ್ದಾಣದಲ್ಲಿ ನನಗಿಂತ ಮೊದಲು ಮೂರು ವಿಮಾನ ಕಟ್ಟಿದ್ದ ಹಿರಿಯರೊಬ್ಬರಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ವೇಗ ಹೆಚ್ಚಿದಂತೆ ಎಳೆತ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ? ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಪರೀಕ್ಷಾ ಹಾರಾಟಕ್ಕೆ ಗೊತ್ತುಪಡಿಸಿದ 40 ಗಂಟೆ ಮುಗಿಯುವವರೆಗೆ ಪ್ರಯಾಣಿಕರನ್ನು ಕೂರಿಸುವಂತಿಲ್ಲವಾದ್ದರಿಂದ, ಎಡ ಆಸನದಲ್ಲಿ ನಾನೊಬ್ಬನೇ ಕುಳಿತಿರುವ ಭಾರವೇ ಕಾರಣವೆಂದು ಮನಸ್ಸಿನಲ್ಲಿಯೇ ತೀರ್ಮಾನಿಸಿಬಿಟ್ಟಿದ್ದೆ.

ಮರುದಿನ ಗಾಳಿ ಏಳುವ ಮೊದಲೇ ಹೊರಟೆ. ಈ ವಿಮಾನದ ಒಂದೊಂದು ರೆಕ್ಕೆಯಲ್ಲಿ 21 ಗ್ಯಾಲನ್ ಇಂಧನ ಹಿಡಿಯುತ್ತದೆ. ನನ್ನ ಭಾರವನ್ನು ಸರಿದೂಗಿಸಲು ಎಡ ಟ್ಯಾಂಕಿನಿಂದ ಹತ್ತು ಗ್ಯಾಲನ್, ಅಂದರೆ ಸುಮಾರು 27 ಕಿಲೋ, ಉರಿಸಿದ ನಂತರ ಅಳತೆ ಆರಂಭಿಸಿದೆ. 90 ನಾಟ್ (ಗಂಟೆಗೆ ಸುಮಾರು 167 ಕಿ.ಮೀ.) ವೇಗದಲ್ಲಿ ಎಳೆತ ಇಲ್ಲವೇ ಇಲ್ಲ ಎನ್ನುವಷ್ಟಾಗಿತ್ತು, 150 ನಾಟ್‌ನಲ್ಲಿ ಮಾತ್ರ ಹೆಚ್ಚು ಕಡಿಮೆ ಮೊದಲಿನಷ್ಟೇ ಉಳಿದಿತ್ತು. ಭಾರದ ಅಸಮತೋಲವು ವೇಗ ಹೆಚ್ಚಿದರೂ ಬೆಳೆಯುವುದಿಲ್ಲ. ಗಾಳಿಯ ಒತ್ತಡವಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ದೋಷವಿದ್ದದ್ದು ನನ್ನ ತೂಕದಲ್ಲಲ್ಲ, ನಾನು ಕೊಟ್ಟ ಆಕಾರದಲ್ಲಿ.

ಅಂದೇ ಏಲೆರಾನ್‌ಗಳಿಗೆ, ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡಿ ವಿಮಾನವನ್ನು ಪಕ್ಕಕ್ಕೆ ವಾಲಿಸುವ ಪಟ್ಟಿಗಳಿಗೆ, ಕೈಹಾಕಲು ಹೊರಟ ನನ್ನನ್ನು ಹಿರಿಯರು ತಡೆದರು. ಪೈಲಟ್‌ನ ಮುಂದಿನ ಫಲಕದಲ್ಲಿ ಜಾರುವಿಕೆ ತೋರಿಸುವ ಗಾಜಿನ ಕೊಳವೆಯೊಳಗಿನ ಗೋಲಿ ನಡುವಿನಲ್ಲಿಲ್ಲದೆ, ಅಂದರೆ ವಿಮಾನ ಪಕ್ಕಕ್ಕೆ ಜಾರುತ್ತಿರುವಾಗ, ರೆಕ್ಕೆಯ ದೋಷವನ್ನು ಅಳೆದರೆ ಆ ಅಳತೆಯೇ ಸುಳ್ಳಾಗುತ್ತದೆ ಎಂಬುದು ಅವರ ವಾದ, ಅದು ಸರಿಯೂ ಆಗಿತ್ತು. ದಾರ ಕಟ್ಟಿ ನೋಡಿದಾಗ ಎಡ ಚಕ್ರದ ಹೊದಿಕೆ ಸೊಟ್ಟಗೆ ಕೂತಿದ್ದು ಕಂಡಿತು. ಅದನ್ನು ನೇರ ಮಾಡಿದ ಮೇಲೆ ಗೋಲಿ ನಡುವಿಗೆ ಬಂತು, ಎಳೆತವೂ ಸ್ವಲ್ಪ ತಗ್ಗಿತು. ನಿಧಾನ ಹಾರಾಟಕ್ಕೆಂದು ಕೆಳಗಿಳಿಸುವ ರೆಕ್ಕೆಯ ಫ್ಲ್ಯಾಪ್‌ಗಳು ಎರಡೂ ಕಡೆ ಸಮನಾಗಿ ಮೇಲೇರಿ ಕೂರುತ್ತಿದ್ದವು. ಏಲೆರಾನ್‌ಗಳನ್ನು ರೆಕ್ಕೆಗೆ ಸೇರಿಸುವ ಕೀಲುಗಳ ಎತ್ತರವೂ ಸರಿಯಿತ್ತು.

ಉಳಿದದ್ದು ಏಲೆರಾನ್‌ನ ಹಿಂದಿನ ಅಂಚು. ತೆಳು ಅಲ್ಯೂಮಿನಿಯಂ ಹಾಳೆ ಅಲ್ಲಿ ಮಡಿಕೆಯಾಗಿ ತಿರುಗುತ್ತದೆ. ಉಕ್ಕಿನ ಅಳತೆಪಟ್ಟಿಯನ್ನು ಹಾಳೆಯ ಮೇಲಿಟ್ಟು ಬೆಳಕಿಗೆ ಹಿಡಿದಾಗ, ಎಡಗಡೆಯದು ಅಂಚಿನವರೆಗೂ ಚಪ್ಪಟೆಯಾಗಿತ್ತು; ಬಲಗಡೆಯದರಲ್ಲಿ ಮಡಿಕೆ ಪೂರ್ತಿ ಬಿಗಿಯಾಗದೆ ಅಂಚಿನ ಬಳಿ ಒಂದು ಉಬ್ಬು ಉಳಿದಿತ್ತು. ಹಾರುವಾಗ ರೆಕ್ಕೆಯ ಮೇಲಿನ ಕಡಿಮೆ ಒತ್ತಡ ಎರಡೂ ಏಲೆರಾನ್‌ಗಳನ್ನು ಮೇಲಕ್ಕೆ ಸೆಳೆಯುತ್ತದೆ, ಸಲಾಕೆಗಳಿಂದ ಒಂದಕ್ಕೊಂದು ಸೇರಿರುವ ಅವು ಹಗ್ಗಜಗ್ಗಾಟದಂತೆ ಪರಸ್ಪರ ತಡೆದು ನಿಲ್ಲುತ್ತವೆ. ಉಬ್ಬಿದ ಬಲದ ಅಂಚು ಆ ಜಗ್ಗಾಟದಲ್ಲಿ ಸೋಲುತ್ತಿತ್ತು; ಎಡದ್ದು ಮೇಲೆದ್ದು ಎಡರೆಕ್ಕೆಯನ್ನು ಇಳಿಸುತ್ತಿತ್ತು. ಭಾರವೆನಿಸಿದ ರೆಕ್ಕೆಯೊಂದು, ತಪ್ಪಿದ್ದ ರೆಕ್ಕೆ ಇನ್ನೊಂದು! ಆ ಹಾಳೆಯನ್ನು ಮಡಚಿದ ಚಳಿಗಾಲದ ರಾತ್ರಿ, ಇಷ್ಟು ಸಾಕೆಂದು ಕೈಬಿಟ್ಟದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

ಅಗಲ ಬಾಯಿಯ ಇಕ್ಕಳಕ್ಕೆ ಟೇಪು ಸುತ್ತಿ, ಬಲ ಏಲೆರಾನ್‌ನ ಅಂಚನ್ನು ಉದ್ದಕ್ಕೂ ಮೆಲ್ಲಗೆ ಅದುಮಿದೆ. ಒಮ್ಮೆಗೇ ಹೆಚ್ಚು ಅದುಮಿದರೆ ಎಳೆತ ಬಲಕ್ಕೆ ತಿರುಗುತ್ತದೆ. ಆಗ ಮರದ ತುಂಡಿಟ್ಟು ತಟ್ಟಿ ಅಂಚನ್ನು ಮತ್ತೆ ಉಬ್ಬಿಸಬೇಕಾಗುತ್ತದೆ. ಆದ್ದರಿಂದ ಪ್ರತಿ ಸಲವೂ ಅದುಮಿ, ಹಾರಿ, ಅದೇ ವೇಗದಲ್ಲಿ ಅಳೆದು, ಇಳಿದು ಮತ್ತೆ ಅದುಮಿದೆ. ಮೂರನೆಯ ಹಾರಾಟದಲ್ಲಿ, ಎರಡೂ ಟ್ಯಾಂಕುಗಳು ಸಮವಿದ್ದಾಗ, 150 ನಾಟ್‌ನಲ್ಲಿ ಸ್ಟಿಕ್ಕಿನಿಂದ ಕೈ ತೆಗೆದೆ. ಹತ್ತು ಸೆಕೆಂಡು ಕಳೆಯಿತು, ಇಪ್ಪತ್ತಾಯಿತು. ಮೂವತ್ತರ ಹೊತ್ತಿಗೆ ಎಡರೆಕ್ಕೆ ಕಂಡೂ ಕಾಣದಷ್ಟು ತಗ್ಗಿತ್ತು. ಅದು ನನ್ನ ಮೈಭಾರದ ಪಾಲು. ಇಳಿದು, ಅಂಚನ್ನು ಎಲ್ಲಿಂದ ಎಲ್ಲಿಯವರೆಗೆ ಅದುಮಿದೆನೆಂಬುದನ್ನು ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದೆ.