ಕಾಲಿನ ಉಗುರಿನ ಸಾಲು

ಧಾರವಾಡದ ಒಂದು ಸಣ್ಣ ಪ್ರಕಾಶನದಲ್ಲಿ ಅನುವಾದ ತಿದ್ದುವುದು ನನ್ನ ಕೆಲಸ. ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಾರ್ತಿ ಡೊರೊಥಿ ಸೇಯರ್ಸ್ ತೀರಿಕೊಂಡದ್ದು 1957ರಲ್ಲಿ. ನಮ್ಮ ದೇಶದಲ್ಲಿ ಲೇಖಕರು ಹೋಗಿ 60 ವರ್ಷವಾದ ಮೇಲೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಹಾಗಾಗಿ 1923ರ ಅವರ ಮೊದಲ ಕಾದಂಬರಿ ‘ಹೂಸ್ ಬಾಡಿ?’ಯನ್ನು ಕನ್ನಡಕ್ಕೆ ತರಲು ಹೊರಟೆವು.

ಲಂಡನ್ನಿನ ಒಂದು ಫ್ಲ್ಯಾಟಿನ ಬಾತ್‌ಟಬ್ಬಿನಲ್ಲಿ ಬೆಳಗಾಗೆದ್ದು ನೋಡಿದರೆ ಹೆಣ. ಮೈಮೇಲೆ ಬಟ್ಟೆಯಿಲ್ಲ, ಮೂಗಿನ ಮೇಲೆ ಚಿನ್ನದ ಕನ್ನಡಕ ಮಾತ್ರ! ಅದೇ ಹೊತ್ತಿಗೆ ಊರಿನ ದೊಡ್ಡ ಸಾಹುಕಾರನೊಬ್ಬ ಕಾಣೆ. ಪತ್ತೆಗೆ ಇಳಿಯುವವನು ಡ್ಯೂಕ್ ಮನೆತನದ ಲಾರ್ಡ್ ಪೀಟರ್ ವಿಮ್ಸಿ. ಹಳೆ ಪುಸ್ತಕದ ಹರಾಜಿಗೆ ಹೊರಟವನು, ಅಲ್ಲಿಗೆ ಸೇವಕ ಬಂಟರ್‌ನನ್ನು ಕಳಿಸಿ ತಾನು ಹೆಣ ನೋಡಲು ಓಡುತ್ತಾನೆ. ಬಾಯಿಗೆ ಬಿಡುವೇ ಇಲ್ಲದ ಮನುಷ್ಯ.

ಆ ಮಾತು ಜಾಸ್ತಿಯಾಯಿತು ಅನ್ನಿಸಿ ನಾನು ಕೆಂಪು ಪೆನ್ನು ಹಿಡಿದೆ. ಹೆಣದ ವರ್ಣನೆಯಲ್ಲಿ ಕೈಯ ಉಗುರು ನೀಟಾಗಿದೆ ಅಂತ ಇತ್ತು, ಸರಿ. ಜಡ್ಡುಗಟ್ಟಿದ ಅಂಗೈ, ಕೊಳಕು ಕಾಲುಗುರು, ಚಿಗಟ ಕಚ್ಚಿದ ಗುರುತು, ಇದೆಲ್ಲ ಯಾಕೆ ಅಂತ ಹೊಡೆದು ಹಾಕಿದೆ.

ನಮ್ಮ ಪ್ರೂಫ್ ನೋಡುವ ಅಕ್ಕಾವ್ರು ಮೂಲವನ್ನು ಪಕ್ಕದಲ್ಲಿಟ್ಟು ಒಂದೊಂದೇ ಸಾಲಿನ ಮೇಲೆ ಸ್ಕೇಲು ಸರಿಸುತ್ತಾ ಓದುತ್ತಾರೆ. ಮರುದಿನ ಸ್ಕೇಲು ಅಲ್ಲೇ ನಿಂತಿತು.

‘ಕಾಲಿನ ಉಗುರು ಎಲ್ಲಿ ಹೋತ್ರೀ?’

ತೆಗೆದೆ ಅಂದೆ.

‘ಕೈ ನೋಡಿದ್ರ ಸಾಹುಕಾರ, ಕಾಲು ನೋಡಿದ್ರ ಬಡವ. ಅದನ್ನ ತೆಗದ್ರ ಅಂವಾ ಪತ್ತೆ ಹಚ್ಚೂದು ಹ್ಯಾಂಗ್ರೀ?’

ಎದೆ ಧಸಕ್ಕೆಂದಿತು. ಇಂಥ ಕಾದಂಬರಿಯಲ್ಲಿ ಹರಟೆಯ ಮಧ್ಯೆಯೇ ಸುಳಿವು ಕೂತಿರುತ್ತದೆ. ಓದುಗರು ನಗುತ್ತಾ ದಾಟಿಹೋಗಲಿ ಅಂತಲೇ ಅಲ್ಲಿ ಇಟ್ಟಿರುತ್ತಾರೆ. ನಾನು ಕತ್ತರಿಸಿದ್ದು ಹರಟೆಯನ್ನಲ್ಲ, ಓದುಗರಿಗೆ ಸಿಗಬೇಕಾದ ನ್ಯಾಯವನ್ನು. ಎಲ್ಲಾ ಸಾಲುಗಳನ್ನೂ ವಾಪಸ್ ಸೇರಿಸಿದೆವು.

ಈಗ ಪತ್ತೇದಾರಿ ಕಾದಂಬರಿ ಬಂದರೆ ಮೊದಲು ಕೊನೆಯ ಅಧ್ಯಾಯ ಓದುತ್ತೇನೆ. ಆಮೇಲೆ ಮೊದಲಿಂದ ಶುರುಮಾಡಿ, ಸುಳಿವು ಸಿಕ್ಕಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲ್ ಗುರುತು. ಅದಾದ ಮೇಲೇ ಕೆಂಪು ಪೆನ್ನು.

ಸಂಬೋಧನೆಗೂ ಒಂದು ದಿನ ಹೋಯಿತು. ಬಂಟರ್ ಬಾಯಲ್ಲಿ ‘ನನ್ನ ಪ್ರಭುವೇ’ ಅಂತ ಇತ್ತು. ಕಂಪನಿ ನಾಟಕದ ಮಾತಿನ ಹಾಗೆ ಕೇಳಿಸುತ್ತಿತ್ತು. ಅಕ್ಕಾವ್ರು ‘ಸಾಹೇಬ್ರ’ ಅಂತ ಮೆಲ್ಲಗೆ ಎರಡು ಸಲ ಹೇಳಿ ನೋಡಿದರು. ಆ ವಿನಯ, ಒಳಗಿನ ಆ ಸಣ್ಣ ಗದರಿಕೆ, ಎರಡೂ ಅದರಲ್ಲಿ ಸಿಕ್ಕವು. ಅದನ್ನೇ ಇಟ್ಟೆವು.